ಕಡಬದ ರಿಜಿಸ್ಟರಿನಲ್ಲಿ ಒಂದು ಹೆಸರು

ನಮ್ಮ ಉದ್ಯೋಗ ಮಾಹಿತಿ ಕೇಂದ್ರಕ್ಕೆ ಹೊಸದಾಗಿ ಸೇರಿದ ಇಬ್ಬರು ಹುಡುಗಿಯರು ಹೋದ ತಿಂಗಳು ನರಿಮೊಗರಿನ ನನ್ನ ಮನೆಗೆ ಬಂದಿದ್ದರು. ಇಪ್ಪತ್ತೆರಡು ವರ್ಷ ಅಲ್ಲಿ ಕೆಲಸ ಮಾಡಿ ನಿವೃತ್ತಳಾದವಳು ನಾನು. ಕೆಲಸ ಇಲ್ಲದವರಿಗೆ ಕೆಲಸ ಹುಡುಕಿಕೊಡುವುದು ಹೇಗೆ ಎಂದು ನಾಲ್ಕು ಮಾತು ಬರೆದುಕೊಡಬೇಕಂತೆ. ಅರ್ಜಿ ತುಂಬಿಸುವುದು, ಸಂದರ್ಶನಕ್ಕೆ ತಯಾರು ಮಾಡುವುದು ಇವೆಲ್ಲ ಅವರಿಗೆ ನನಗಿಂತ ಚೆನ್ನಾಗಿ ಗೊತ್ತು. ಹಾಗಾಗಿ ಅವರಿಗೆ ಯಾರೂ ಹೇಳಿರದ ಒಂದು ವಿಷಯ ಬರೆಯುತ್ತೇನೆ. ಹೊಟ್ಟೆಕಿಚ್ಚಿನ ವಿಷಯ. ನನ್ನ ವೃತ್ತಿಯಲ್ಲಿ ನಾನು ಮಾಡಿದ ಅತಿ ದೊಡ್ಡ ತಪ್ಪು ಅದರಿಂದಲೇ ಆದದ್ದು.

ಕೇಂದ್ರ ನಡೆಸುತ್ತಿದ್ದದ್ದು ಊರಿನ ಕೆಲವು ಹಿರಿಯರು ಸೇರಿ ಮಾಡಿದ ಒಂದು ಸಣ್ಣ ಟ್ರಸ್ಟು. ಪುತ್ತೂರಿನ ಬಸ್ ನಿಲ್ದಾಣದ ಹತ್ತಿರ ಮಹಡಿಯ ಮೇಲೆ ಎರಡು ಕೋಣೆ. ಪುತ್ತೂರು, ಸುಳ್ಯ, ಕಡಬ ಕಡೆಯ ಯಾರು ಬಂದರೂ ಹೆಸರು ಬರೆದುಕೊಳ್ಳುತ್ತಿದ್ದೆವು. ನಾನು ಸೇರಿದಾಗ ಎಲ್ಲ ಹಳದಿ ಕಾರ್ಡಿನಲ್ಲಿ. ಪತ್ರಿಕೆಯ ಜಾಹೀರಾತು ಕತ್ತರಿಸಿ ಬೋರ್ಡಿಗೆ ಅಂಟಿಸುವುದು, ಅಂಗಡಿ, ಶಾಲೆ, ಆಸ್ಪತ್ರೆಗಳಿಗೆ ಕಾಗದ ಬರೆಯುವುದು. ಆಮೇಲೆ ಕಂಪ್ಯೂಟರ್ ಬಂತು, ಅದರ ಹಿಂದೆಯೇ ವಾಟ್ಸ್ಆ್ಯಪ್ ಗುಂಪು ಬಂತು. ಮಂಗಳೂರು, ಉಡುಪಿಯವರೆಗಿನ ಜಾಹೀರಾತುಗಳನ್ನು ಹುಡುಕಿ ನಾನು ಬೆಳಿಗ್ಗೆಯೇ ಗುಂಪಿಗೆ ಹಾಕುತ್ತಿದ್ದೆ. ಓದಿದ್ದಾರೆ ಎನ್ನುವ ನೀಲಿ ಗೆರೆಗಳು ಬೀಳುತ್ತಿದ್ದವು. ಅಷ್ಟಕ್ಕೇ ನನ್ನ ಕೆಲಸ ಆಯಿತು ಎಂದುಕೊಳ್ಳುತ್ತಿದ್ದೆ.

ನಮ್ಮ ಕಾರ್ಯದರ್ಶಿ ಗೋವಿಂದ ರಾಯರು ಬ್ಯಾಂಕಿನಲ್ಲಿದ್ದು ನಿವೃತ್ತರಾದವರು. ಬ್ಯಾಂಕಿನವರಾದರೂ ಅವರಿಗೆ ಅಂಕಿಯ ಹುಚ್ಚಿರಲಿಲ್ಲ. ತಿಂಗಳ ಸಭೆಯಲ್ಲಿ ಎಷ್ಟು ಜನಕ್ಕೆ ಕೆಲಸ ಸಿಕ್ಕಿತು ಎಂದು ಕೇಳುತ್ತಿರಲಿಲ್ಲ. ಸಿಕ್ಕವರ ಹೆಸರು, ಊರು, ಯಾವ ಕೆಲಸ ಎಂದು ಒಂದೊಂದಾಗಿ ಗಟ್ಟಿಯಾಗಿ ಓದುತ್ತಿದ್ದರು. ಓದಿ ಆದ ಹೆಸರಿನ ಮೇಲೆ ಕೆಂಪು ಪೆನ್ನಿನಲ್ಲಿ ಗೆರೆ ಎಳೆಯುತ್ತಿದ್ದರು. ಬಹಳ ವರ್ಷ ಆ ಗೆರೆಗಳೆಲ್ಲ ನನ್ನವೇ ಆಗಿದ್ದವು. ಕಡಬ ತಾಲೂಕಾದ ಮೇಲೆ ಟ್ರಸ್ಟಿನವರು ಅಲ್ಲೊಂದು ಶಾಖೆ ತೆರೆದು ಹೇಮಾವತಿಯನ್ನು ಕೂರಿಸಿದರು. ಅಲ್ಲಿಂದ ಲೆಕ್ಕಾಚಾರ ಬದಲಾಯಿತು.

ಹೇಮಾವತಿ ಸುಳ್ಯ ಕಡೆಯ ಅರೆಭಾಷೆ ಮಾತಾಡುವ ಮನೆಯ ಮಗಳು, ಕಡಬಕ್ಕೆ ಮದುವೆಯಾಗಿ ಬಂದವಳು. ನನಗಿಂತ ಹದಿನಾಲ್ಕು ವರ್ಷ ಚಿಕ್ಕವಳು. ಓದಿದ್ದು ಪಿಯುಸಿ. ನಾನು ಬಿಕಾಂ ಮಾಡಿ, ಮೇಲೆ ಟೈಪಿಂಗ್ ಸೀನಿಯರ್ ಪಾಸಾದವಳು. ಈ ವ್ಯತ್ಯಾಸ ಅವಳಿಗೆ ನೆನಪಿತ್ತೋ ಇಲ್ಲವೋ, ನನಗೆ ಯಾವಾಗಲೂ ನೆನಪಿರುತ್ತಿತ್ತು.

ಹೊಟ್ಟೆಕಿಚ್ಚು ಮೊದಲು ಹತ್ತಿದ್ದು ದೇವಕಿಯ ಹೆಸರು ಕೇಳಿದ ದಿನ. ದೇವಕಿ ಕೊಲ್ಲಮೊಗ್ರಿನವಳು, ಡಿಗ್ರಿ ಮುಗಿಸಿ ಮೂರು ವರ್ಷ ಮನೆಯಲ್ಲಿದ್ದಳು. ಅವಳಿಗೆ ಪುತ್ತೂರಿನ ದೊಡ್ಡ ಬಟ್ಟೆ ಅಂಗಡಿಯೊಂದರಲ್ಲಿ ಕೆಲಸ ಕೊಡಿಸಿದವಳು ನಾನೇ. ರಾಯರು ಹೆಸರು ಓದಿದರು, ಗೆರೆ ಎಳೆದರು, ನಾನು ಬೀಗಿದೆ. ಹನ್ನೆರಡು ದಿನಕ್ಕೆ ಅವಳು ಬಿಟ್ಟಳು. ಅಂಗಡಿಯಲ್ಲಿ ಒಂಬತ್ತಕ್ಕೆ ಇರಬೇಕು. ಕೊಲ್ಲಮೊಗ್ರಿನಿಂದ ಮೊದಲ ಬಸ್ಸು ಹಿಡಿದು ಬಂದರೂ ಅವಳು ಪುತ್ತೂರು ಮುಟ್ಟುವಾಗ ಒಂಬತ್ತೂವರೆ ದಾಟುತ್ತಿತ್ತು. ಸಂಜೆ ಅಂಗಡಿ ಬಿಡುವಾಗ ಊರಿನ ಕೊನೆಯ ಬಸ್ಸು ಹೋಗಿ ಆಗಿರುತ್ತಿತ್ತು. ಹಾಸ್ಟೆಲಿಗೆ ಮನೆಯವರು ಒಪ್ಪಲಿಲ್ಲ. "ಈಗಿನ ಮಕ್ಕಳಿಗೆ ಕಷ್ಟಪಡ್ಲಿಕ್ಕೆ ಆಗುದಿಲ್ಲ" ಎಂದು ನಾನು ರಾಯರ ಹತ್ತಿರ ಹೇಳಿ, ಕಾರ್ಡನ್ನು ಪೆಟ್ಟಿಗೆಗೆ ವಾಪಸು ಹಾಕಿದೆ.

ಎರಡು ತಿಂಗಳ ನಂತರದ ಸಭೆಯಲ್ಲಿ ರಾಯರು ಕಡಬದ ಪಟ್ಟಿ ಓದಿದರು. "ದೇವಕಿ, ಕೊಲ್ಲಮೊಗ್ರು. ಸುಬ್ರಹ್ಮಣ್ಯದ ವಸತಿಗೃಹದಲ್ಲಿ ರಿಸೆಪ್ಷನ್." ಕೊಲ್ಲಮೊಗ್ರಿನಿಂದ ಸುಬ್ರಹ್ಮಣ್ಯ ಹತ್ತಿರವೇ. ಮೇಜಿನ ಆ ಕಡೆಯಿಂದ ಹೇಮಾವತಿ ನನ್ನನ್ನು ನೋಡಿ ನಕ್ಕಳು. ಅವಳ ನಗುವಿನಲ್ಲಿ ಏನೂ ಇರಲಿಲ್ಲ ಎಂದು ಈಗ ಹೇಳಬಲ್ಲೆ. ಆವತ್ತು ಮಾತ್ರ ನಾನು ಬಿದ್ದ ಪೆನ್ನು ಹುಡುಕುವವಳಂತೆ ಮೇಜಿನ ಕೆಳಗೆ ಬಗ್ಗಿದೆ.

ಆಮೇಲೆ ಪ್ರತಿ ತಿಂಗಳೂ ಹಾಗೆಯೇ. ಅವಳ ಪಟ್ಟಿ ಉದ್ದ, ನನ್ನದು ಗಿಡ್ಡ. ಪುತ್ತೂರಿನಲ್ಲಿ ಅಂಗಡಿ, ಆಸ್ಪತ್ರೆ, ಶಾಲೆ, ಕಚೇರಿ ಎಲ್ಲ ಇದ್ದವು. ಕಡಬದಲ್ಲಿ ಅದರ ಕಾಲುಭಾಗವೂ ಇರಲಿಲ್ಲ. ಆದರೂ ಅವಳಲ್ಲಿ ಹೆಸರು ಬರೆಸಿದವರು ಬೇಗ ಕೆಲಸಕ್ಕೆ ಸೇರಿ ಹೋಗುತ್ತಿದ್ದರು. ಹೋದವರು ತಿರುಗಿ ಬರುತ್ತಿರಲಿಲ್ಲ. ಸುಳ್ಳು ಪಟ್ಟಿ ಇರಬೇಕೆಂದು ಅನಿಸಿತು. ಒಂದು ಮಧ್ಯಾಹ್ನ ಊಟ ಬಿಟ್ಟು, ಅವಳ ಪಟ್ಟಿಯಲ್ಲಿದ್ದವರಿಗೆ ಒಬ್ಬೊಬ್ಬರಿಗೇ ಫೋನ್ ಮಾಡಿದೆ. ಎಲ್ಲರೂ ನಿಜವಾಗಿ ಕೆಲಸದಲ್ಲಿದ್ದರು. ಒಬ್ಬಾಕೆ, "ಹೇಮಕ್ಕ ನಿನ್ನೆ ಸಹ ಫೋನ್ ಮಾಡಿದ್ರಲ್ಲ, ನೀವು ಎಂತಕ್ಕೆ ಪುನಃ ಕೇಳುದು?" ಎಂದಳು. ನಾನು ಕೆಲಸ ಕೊಡಿಸಿದ ಯಾರಿಗೂ ಮತ್ತೆ ಫೋನ್ ಮಾಡಿದ ನೆನಪು ನನಗಿರಲಿಲ್ಲ.

ಯಾರಾದರೂ ಹೇಮಾವತಿಯನ್ನು ಹೊಗಳಿದರೆ, "ಪಾಪ, ಓದು ಕಡಿಮೆಯಾದ್ರೂ ಮಾಡ್ತಾಳೆ" ಎನ್ನುತ್ತಿದ್ದೆ. ಆ "ಪಾಪ" ಎನ್ನುವ ಮಾತನ್ನು ನಾನು ಎಷ್ಟು ಸಲ ಬಳಸಿದ್ದೇನೋ.

ನೋಡಿಯೇ ಬರುತ್ತೇನೆಂದು ಒಂದು ದಿನ ಹೇಳದೆ ಕಡಬಕ್ಕೆ ಹೋದೆ. ಹನ್ನೊಂದು ಗಂಟೆ. ಶಾಖೆಗೆ ಬೀಗ! ಬಾಗಿಲಿಗೆ ಒಂದು ಚೀಟಿ: "ಪೇಟೆಯಲ್ಲಿದ್ದೇನೆ, ಫೋನ್ ಮಾಡಿ." ನಾನು ಫೋನ್ ಮಾಡದೆ ಹುಡುಕಿದೆ. ಪೈಪು, ಫಿಟ್ಟಿಂಗ್ ಮಾರುವ ಅಂಗಡಿಯ ಮುಂದೆ ಸ್ಟೂಲಿನ ಮೇಲೆ ಕುಳಿತು ಅವಳು ಮಾಲೀಕನ ಹತ್ತಿರ ಅವನ ಸೊಸೆಯ ಬಾಣಂತನ ವಿಚಾರಿಸುತ್ತಿದ್ದಳು. ನನ್ನನ್ನು ಕಂಡು ಎದ್ದು ಬಂದಳು.

"ಅಯ್ಯೋ ಅಕ್ಕ, ಹೇಳಿ ಬರುದಲ್ವಾ? ಬನ್ನಿ, ಕಾಫಿ ಕುಡಿಯುವ."

"ಆಫೀಸಿಗೆ ಬೀಗ ಹಾಕಿ ಇಲ್ಲಿ ಎಂತ ಮಾಡುದು?"

"ಅವರ ಸೊಸೆ ಅಲ್ಲೊಂದು ಶಾಲೆಯಲ್ಲಿ ಆಯಾ ಅಲ್ವಾ. ಆರು ತಿಂಗಳು ಬರುದಿಲ್ಲ. ಆ ಜಾಗ ಖಾಲಿ ಆಗ್ತದೆ. ಪೇಪರಿನಲ್ಲಿ ಬರುದಿಲ್ಲ ಅಕ್ಕ ಇದೆಲ್ಲ."

ಶಾಖೆಗೆ ವಾಪಸು ಹೋಗಿ ಬೀಗ ತೆಗೆಯುವಷ್ಟರಲ್ಲಿ ಒಬ್ಬ ಹೆಂಗಸು ಬಂದಳು, ಹೆಸರು ಬರೆಸಲು. ನಾನಾಗಿದ್ದರೆ ಮೊದಲು ಅಂಕಪಟ್ಟಿ ಕೇಳುತ್ತಿದ್ದೆ. ಹೇಮಾವತಿ ಕೇಳಿದ್ದು, "ಮನೆ ಎಲ್ಲಿ? ಬೆಳಿಗ್ಗೆ ಯಾವ ಬಸ್ಸು ಸಿಗ್ತದೆ? ಸಂಜೆ ಕೊನೇದು ಎಷ್ಟೊತ್ತಿಗೆ?" ಆಮೇಲೆ, "ನಿಮಗೆ ಎಂತ ಚೆನ್ನಾಗಿ ಬರ್ತದೆ?" ಎಂದಳು. ಹೆಂಗಸು "ಎಂತದೂ ಬರುದಿಲ್ಲ" ಎಂದಾಗ ನಗುತ್ತಾ, "ಹಾಗೆ ಹೇಳ್ಬಾರ್ದು ಮಾರಾಯ್ರೆ, ಮನೆಯಲ್ಲಿ ಎಂತ ಮಾಡ್ತೀರಿ ಹೇಳಿ" ಎಂದು ಅರ್ಧ ಗಂಟೆ ಮಾತಾಡಿಸಿದಳು. ಕೊನೆಗೆ, "ಕೆಲಸದಲ್ಲಿ ಇರುವ ನಿಮ್ಮ ಪರಿಚಯದವರು ಹತ್ತು ಜನರ ಹೆಸರು ಬರೆದುಕೊಂಡು ಬನ್ನಿ. ನೆಂಟರೇ ಆಗ್ಬೇಕು ಅಂತ ಇಲ್ಲ. ಬಸ್ಸಿನಲ್ಲಿ ನೋಡಿದವರಾದ್ರೂ ಸಾಕು. ಅವರ ಹತ್ರ ನಿಮಗೆ ಕೆಲಸ ಬೇಕು ಅಂತ ಬಾಯಿ ಬಿಟ್ಟು ಹೇಳ್ಬೇಕು" ಎಂದು ಕಳಿಸಿದಳು.

ಇಷ್ಟೇ. ಇಷ್ಟು ಸಾದಾ ವಿಷಯ. ಹುಡುಗಿಯರೇ, ಆವತ್ತು ನಾನು ಪುತ್ತೂರಿಗೆ ವಾಪಸು ಬಂದು ಅದನ್ನೇ ಮಾಡಲು ಶುರುಮಾಡಬೇಕಿತ್ತು. ಬಸ್ಸಿನಲ್ಲಿ ಕುಳಿತು ದಾರಿಯುದ್ದಕ್ಕೂ ನಾನು ಯೋಚಿಸಿದ್ದು ಬೇರೆ. ಇದು ನನಗೆ ಯಾಕೆ ಹೊಳೆಯಲಿಲ್ಲ? ಪಿಯುಸಿ ಓದಿದವಳಿಗೆ ಹೊಳೆದದ್ದು ನನಗೆ ಯಾಕಿಲ್ಲ? ಸವಣೂರು ದಾಟುವಾಗ ಆ ಪ್ರಶ್ನೆ ಸಿಟ್ಟಾಗಿ ತಿರುಗಿತ್ತು. ಮರುದಿನ ರಾಯರಿಗೆ ಎರಡು ಪುಟದ ವರದಿ ಬರೆದೆ. ಕಚೇರಿ ವೇಳೆಯಲ್ಲಿ ಬೀಗ ಹಾಕಲಾಗಿತ್ತು. ನಮೂನೆಗಳನ್ನು ಪೂರ್ತಿ ತುಂಬಿಸುತ್ತಿಲ್ಲ. ಬಾಯಿಮಾತಿನ ಶಿಫಾರಸಿನಿಂದ ಪರಿಚಯ ಇಲ್ಲದವರಿಗೆ ಅನ್ಯಾಯ ಆಗಬಹುದು. ಯಾವುದೂ ಸುಳ್ಳಲ್ಲ. ಹೆಸರು ಗುಟ್ಟಾಗಿಡಬೇಕೆಂದು ಕೇಳಿಕೊಂಡೆ.

ರಾಯರು ನಿಯಮದ ಮನುಷ್ಯ. ಹಗಲು ಹನ್ನೊಂದಕ್ಕೆ ಬೀಗ ಹಾಕಿದ್ದು ಸರಿಯಲ್ಲ, ಇನ್ನು ಒಂಬತ್ತೂವರೆಯಿಂದ ಐದರವರೆಗೆ ಕಚೇರಿ ಬಿಟ್ಟು ಹೋಗಬಾರದು, ಎಲ್ಲ ಕೆಲಸ ನಮೂನೆಯಲ್ಲೇ ಆಗಬೇಕು ಎಂದು ಕಡಬಕ್ಕೆ ಕಾಗದ ಹೋಯಿತು. ಆ ಸಂಜೆ ಹೇಮಾವತಿ ನನಗೇ ಫೋನ್ ಮಾಡಿದಳು.

"ಅಕ್ಕ, ನನ್ನ ಮೇಲೆ ಯಾರೋ ಬರೆದಿದ್ದಾರೆ. ನಿಮಗೆ ಎಂತಾದ್ರೂ ಗೊತ್ತುಂಟಾ?"

"ನನಗೆಂತ ಗೊತ್ತು" ಎಂದೆ. "ನೀನು ಸ್ವಲ್ಪ ಜಾಗ್ರತೆ ಇರು."

ಮೂರು ತಿಂಗಳು ಅವಳು ಕುರ್ಚಿ ಬಿಟ್ಟು ಏಳಲಿಲ್ಲ. ಅವಳ ಪಟ್ಟಿ ಕುಗ್ಗಿತು. ಮೂರನೆಯ ಸಭೆಯಲ್ಲಿ ರಾಯರು ಕಡಬದ್ದೆಂದು ಎರಡೇ ಹೆಸರು ಓದಿದರು. ನನಗೆ ಸಂತೋಷವಾಯಿತು. ಮನೆಗೆ ಹೋಗುವಾಗ ಮಲ್ಲಿಗೆ ಕೊಂಡೆ. ಆ ತಿಂಗಳು ಕಡಬ ಕಡೆ ಕೆಲಸವಿಲ್ಲದೆ ಉಳಿದವರ ನೆನಪು ನನಗೆ ಒಂದು ಕ್ಷಣವೂ ಬರಲಿಲ್ಲ.

ಅದೇ ಸಮಯದಲ್ಲಿ ನನ್ನ ಮನೆಯಲ್ಲೇ ಒಬ್ಬರು ಕೆಲಸವಿಲ್ಲದೆ ಕುಳಿತಿದ್ದರು. ನನ್ನ ಗಂಡ ಮೋಹನ. ಇಪ್ಪತ್ತಾರು ವರ್ಷ ಪುತ್ತೂರಿನ ಪಂಪ್‌ಸೆಟ್ ಅಂಗಡಿಯಲ್ಲಿ ಬಿಡಿಭಾಗಗಳ ವಿಭಾಗ ನೋಡಿಕೊಂಡವರು. ಮಾಲೀಕರು ತೀರಿಕೊಂಡ ಮೇಲೆ ಅಂಗಡಿ ಮುಚ್ಚಿತು. ಇವರಿಗೆ ಆಗ ಐವತ್ತೊಂದು. ನಾನು ಅವರ ಹೆಸರನ್ನು ಪುತ್ತೂರಿನ ರಿಜಿಸ್ಟರಿಗೆ ಸೇರಿಸಿದೆ. ಕಂಪ್ಯೂಟರಿನಲ್ಲಿ ಚೆಂದದ ಬಯೋಡೇಟಾ ಮಾಡಿದೆ, ಮಂಗಳೂರಿನ ಕಂಪನಿಗಳಿಗೆ ಕಳಿಸಿದೆ. ಎರಡು ಕಡೆ ಸಂದರ್ಶನಕ್ಕೆ ಕರೆದರು. ಹೋಗಿ ಬಂದರು. ಒಂದು ಕಡೆ ಅವರ ಎದುರು ಕುಳಿತವನು, "ಅಂಕಲ್, ಕಂಪ್ಯೂಟರ್ ಬರ್ತದಾ?" ಎಂದು ಕೇಳಿದನಂತೆ. ಆಮೇಲೆ ನಾನು ಕಳಿಸಿದ ಜಾಹೀರಾತುಗಳನ್ನು ಅವರು ತೆರೆದು ನೋಡುವುದನ್ನೂ ಬಿಟ್ಟರು. ಪೇಟೆಯಲ್ಲಿ ಯಾರ ಹತ್ತಿರವಾದರೂ ವಿಚಾರಿಸೋಣ ಎಂದರೆ ನನಗೆ ಮರ್ಯಾದೆಯ ಪ್ರಶ್ನೆ. ಊರಿಗೆಲ್ಲ ಕೆಲಸ ಕೊಡಿಸುವವಳು ತನ್ನ ಗಂಡನಿಗೆ ಕೆಲಸ ಕೇಳಿಕೊಂಡು ತಿರುಗುವುದು ಹೇಗೆ? ಹಾಗೆ ಎಂಟು ತಿಂಗಳು ಹೋಯಿತು. ಮನೆಯಲ್ಲಿ ಮಾತು ಊಟ, ತಿಂಡಿಗಳಷ್ಟಕ್ಕೆ ಬಂದು ನಿಂತಿತು.

ವರ್ಷಕ್ಕೊಮ್ಮೆ ಶಾಖೆಯ ರಿಜಿಸ್ಟರು ನೋಡಿ ಸಹಿ ಹಾಕುವ ಕೆಲಸ ನನ್ನದು. ಆ ವರ್ಷವೂ ಕಡಬಕ್ಕೆ ಹೋದೆ. ಹೇಮಾವತಿ ಬಡವಾಗಿದ್ದಳು. ರಿಜಿಸ್ಟರನ್ನು ಮುಂದಿಟ್ಟು, ಚಹಾ ತರಲು ಹೇಳಿದಳು. ಪುಟ ತಿರುಗಿಸುತ್ತಾ ಹೋದೆ. ಒಂದು ಪುಟದ ನಡುವೆ ನನಗೆ ಗುರುತಿನ ಅಕ್ಷರ ಕಂಡಿತು. ಮೋಹನ. ನರಿಮೊಗರು. ಪಂಪ್‌ಸೆಟ್ ಬಿಡಿಭಾಗ, ಇಪ್ಪತ್ತಾರು ವರ್ಷ.

ನನ್ನ ಗಂಡನದೇ ಕೈಬರಹ. ತಾರೀಕು ನೋಡಿದೆ. ನಾನು ವರದಿ ಬರೆಯುವುದಕ್ಕೆ ಎರಡು ವಾರ ಮೊದಲು.

"ಇದೆಂತ ಹೇಮಾ?"

ಅವಳು ಬಗ್ಗಿ ಪುಟ ನೋಡಿದಳು. "ನೀವು ಕೇಳಿದ್ರೆ ಸುಳ್ಳು ಹೇಳ್ಬೇಡ, ಕೇಳದಿದ್ರೆ ಹೇಳುದು ಬೇಡ ಅಂತ ಹೇಳಿದ್ರು ಭಾವ."

ನನ್ನ ಗಂಡ ಅವಳಿಗೆ ಭಾವ ಆದದ್ದು ಯಾವಾಗ ಎಂದು ನನಗೆ ಗೊತ್ತಿರಲಿಲ್ಲ. ಅವರು ಇಲ್ಲಿಯವರೆಗೆ ಬಸ್ಸು ಹತ್ತಿ ಬಂದು, ಈ ಕುರ್ಚಿಯಲ್ಲಿ ಕುಳಿತು, ನನ್ನ ಹತ್ತಿರ ಆಡದ ಮಾತುಗಳನ್ನು ಇವಳ ಹತ್ತಿರ ಆಡಿದ್ದಾರೆ. ಕೆಲಸದ ಹೊಟ್ಟೆಕಿಚ್ಚು ಅಷ್ಟು ದಿನ ಒಂದು ತೂಕದ್ದಾಗಿತ್ತು. ಈಗಿನದು ಬೇರೆಯೇ.

"ಎಷ್ಟು ಸಲ ಬಂದಿದ್ದಾರೆ?"

"ಮೂರು ಸಲ. ಅಕ್ಕ, ಅವರಿಗೆ ಮುಟ್ಟಿ ನೋಡಿದ್ರೆ ಸಾಕು, ಯಾವ ಪಂಪಿನ ಬೇರಿಂಗ್ ಅಂತ ಹೇಳ್ತಾರೆ, ನಿಮಗೆ ಗೊತ್ತಲ್ಲ?"

ನನಗೆ ಗೊತ್ತಿರಲಿಲ್ಲ. ನಾನು ಮಾಡಿದ ಬಯೋಡೇಟಾದಲ್ಲಿ "ಸ್ಟೋರ್ ನಿರ್ವಹಣೆ" ಎಂದು ಮಾತ್ರ ಇತ್ತು.

"ಮತ್ತೆ ಕೆಲಸ ಯಾಕೆ ಸಿಗ್ಲಿಲ್ಲ?" ಎಂದೆ. ನನ್ನ ದನಿಯಲ್ಲಿ ಸ್ವಲ್ಪ ಗೆಲುವು ಇತ್ತು, ಅದನ್ನೂ ಹೇಳಿಬಿಡುತ್ತೇನೆ.

ಹೇಮಾವತಿ ತಲೆ ತಗ್ಗಿಸಿದಳು. "ಒಂದು ಇತ್ತು ಅಕ್ಕ. ಇಲ್ಲೇ ಪೇಟೆಯಲ್ಲಿ, ಹೊಸ ಪಂಪಿನ ಅಂಗಡಿ. ಅವರಿಗಾಗಿಯೇ ಮಾಡಿದ ಹಾಗೆ ಇತ್ತು. ಮೊದಲಾದ್ರೆ ಅಂಗಡಿಗೆ ಬಣ್ಣ ಹೊಡೆಯುವಾಗಲೇ ನಾನು ಹೋಗಿ ಮಾತಾಡಿರ್ತಿದ್ದೆ. ಆಗ ಆಫೀಸು ಬಿಟ್ಟು ಹೋಗ್ಬಾರ್ದು ಅಂತ ಆಗಿತ್ತಲ್ಲ. ನನಗೆ ಸುದ್ದಿ ಸಿಕ್ಕುವಾಗ ಬೇರೆಯವರನ್ನು ತೆಗೊಂಡಾಗಿತ್ತು. ಹತ್ತೇ ದಿನ ತಡ. ಭಾವನ ಹತ್ರ ಹೇಳುವಾಗ ನನಗೆ ಕಣ್ಣಲ್ಲಿ ನೀರು ಬಂತು."

ಚಹಾ ಬಂತು. ನನಗೆ ಕುಡಿಯಲಾಗಲಿಲ್ಲ. ಸಹಿ ಹಾಕಿ ಎದ್ದೆ.

ಮನೆಗೆ ಬಂದಾಗ ಮೋಹನ ಜಗಲಿಯಲ್ಲಿ ಪಕ್ಕದ ಮನೆಯವರ ಮಿಕ್ಸಿ ಬಿಚ್ಚಿ ರಿಪೇರಿ ಮಾಡುತ್ತಿದ್ದರು. ಚಪ್ಪಲಿ ಬಿಡುವ ಮೊದಲೇ ಕೇಳಿದೆ, "ನಾನಿರುವಾಗ ಅವಳ ಹತ್ರ ಯಾಕೆ ಹೋದದ್ದು?"

ಅವರು ಸ್ಕ್ರೂಡ್ರೈವರ್ ಕೆಳಗಿಟ್ಟರು. "ನಿನ್ನ ಹತ್ರ ಎಂಟು ತಿಂಗಳು ಇದ್ದೆ ಶಾರದಾ. ನೀನು ಒಂದು ದಿನವಾದ್ರೂ ನಿಮಗೆ ಎಂತ ಬರ್ತದೆ ಅಂತ ಕೇಳಿದ್ದುಂಟಾ? ಅರ್ಜಿ ತಂದು ಸಹಿ ಹಾಕಿ ಅಂತ ಕೊಡುದು. ಹೋಗಿ ಬಂದ್ರೆ ಎಂತಾಯ್ತು ಅಂತ ಕೇಳುದು. ಆಗ್ಲಿಲ್ಲ ಅಂದ್ರೆ ನಿನ್ನ ಮುಖ ನೋಡ್ಲಿಕ್ಕಾಗುದಿಲ್ಲ. ನನಗೆ ಕೆಲಸ ಸಿಗ್ಲಿಲ್ಲ ಅನ್ನುದಕ್ಕಿಂತ ನಿನ್ನ ಪಟ್ಟಿ ಕೆಟ್ಟಿತು ಅಂತ ನಿನಗೆ ಬೇಜಾರು."

"ಹಾಗೆಂತ ಇಲ್ಲ" ಎಂದೆ. ಇತ್ತು.

ಕಡಬದ ಆ ಅಂಗಡಿಯ ಕೆಲಸ ತಪ್ಪಿದ್ದು ಯಾಕೆ ಎಂದು ಅವರಿಗೆ ಆ ದಿನ ಹೇಳಲಿಲ್ಲ. ಧೈರ್ಯ ಬರಲಿಲ್ಲ. ಮರುದಿನ ಬೆಳಿಗ್ಗೆ ಮೊದಲು ರಾಯರ ಮನೆಗೆ ಹೋದೆ. ವರದಿಯಲ್ಲಿ ಬರೆದದ್ದು ನಿಜ, ಬರೆದ ಕಾರಣ ಸರಿಯಿಲ್ಲ ಎಂದೆ. ಕಾರಣ ಏನು ಎಂದರು. ಹೇಳಿದೆ. ಅರುವತ್ತು ದಾಟಿದ ಗಂಡಸಿನ ಎದುರು ನಿಂತು, "ನನಗೆ ಅವಳ ಮೇಲೆ ಹೊಟ್ಟೆಕಿಚ್ಚು" ಎಂದು ಬಾಯಿಬಿಟ್ಟು ಹೇಳುವುದು ಸುಲಭವಲ್ಲ. ರಾಯರು ಬೈಯಲಿಲ್ಲ. ಕನ್ನಡಕ ತೆಗೆದು ಒರೆಸಿದರು.

"ನಾನೂ ಸರಿಯಾಗಿ ವಿಚಾರಿಸದೆ ಕಾಗದ ಕಳಿಸಿದೆ. ಅದನ್ನು ಇವತ್ತೇ ಹಿಂದೆ ತೆಗೆದುಕೊಳ್ತೇನೆ" ಎಂದರು. "ಆದ್ರೆ ಬರೆದದ್ದು ನೀವು ಅಂತ ಹೇಮಾವತಿಗೆ ನಾನು ಹೇಳುದಿಲ್ಲ. ಅದು ನಿಮ್ಮ ಕೆಲಸ."

ಅಲ್ಲಿಂದಲೇ ಕಡಬದ ಬಸ್ಸು ಹತ್ತಿದೆ. ಹೇಮಾವತಿಯ ಎದುರು ಕುಳಿತು, ಹೇಳಬೇಕಾದ್ದನ್ನು ಹೇಳಿದೆ. ಅವಳು ಕೈಯಲ್ಲಿದ್ದ ಕಾಗದಗಳನ್ನು ಜೋಡಿಸುತ್ತಲೇ ಇದ್ದಳು.

"ನನಗೆ ಗೊತ್ತಿತ್ತು ಅಕ್ಕ" ಎಂದಳು ಕೊನೆಗೆ. "ಕಾಗದದಲ್ಲಿ ಬೀಗದ ವಿಷಯ ಇತ್ತು. ಆ ಹೊತ್ತಿಗೆ ಬೀಗ ನೋಡಿದ್ದು ನೀವೊಬ್ಬರೇ."

"ಮತ್ತೆ ನನಗೆ ಫೋನ್ ಮಾಡಿ ಕೇಳಿದ್ದು?"

"ನೀವೇ ಹೇಳ್ತೀರೋ ಅಂತ."

"ಗೊತ್ತಿದ್ದೂ ಇವರಿಗೆ ಕೆಲಸ ಹುಡುಕಿದ್ಯಾ?"

ಅವಳ ಮುಖ ಗಟ್ಟಿಯಾಯಿತು. "ಅವರು ಎಂತ ಮಾಡಿದ್ದಾರೆ ಅಕ್ಕ ನನಗೆ? ಬರೆದದ್ದು ನೀವು. ನಿಮ್ಮ ಮೇಲೆ ಸಿಟ್ಟು ಉಂಟು. ಈಗಲೂ ಉಂಟು."

ಅವಳು ಕೂಡಲೇ ಕ್ಷಮಿಸಿದ್ದರೆ ನನಗೆ ಸಹಿಸಲಾಗುತ್ತಿರಲಿಲ್ಲ. ಸಿಟ್ಟು ಉಂಟು ಎಂದದ್ದರಿಂದ ಅಲ್ಲಿ ಕುಳಿತಿರಲು ಸಾಧ್ಯವಾಯಿತು. ಕಾಗದಗಳನ್ನು ಬದಿಗಿಟ್ಟು ಅವಳೇ ಕೇಳಿದಳು, "ನಿಮ್ಮ ಮನೆ ಎದುರು ಹೋಗುವ ಬಸ್ಸು ಪುತ್ತೂರಿಗೆ ಮಾತ್ರವಾ ಹೋಗುದು?"

"ಅಲ್ಲ. ಈ ಕಡೆ ಸವಣೂರು, ಕಾಣಿಯೂರಿಗೂ ಉಂಟು."

"ಬೆಳಿಗ್ಗೆ ಆ ಬಸ್ಸು ಖಾಲಿ ಬರ್ತದೆ ಅಕ್ಕ. ಎಲ್ಲರೂ ಪುತ್ತೂರಿಗೆ ಹೋಗುದು, ಈ ಕಡೆ ಯಾರೂ ನೋಡುದಿಲ್ಲ. ನಾನು ಕಾಣಿಯೂರಿನಲ್ಲಿ ವಿಚಾರಿಸ್ತೇನೆ. ನೀವು ಸವಣೂರಿನಲ್ಲಿ ವಿಚಾರಿಸಿ. ಬಾಯಿ ಬಿಟ್ಟು ಕೇಳಿ."

ಕೇಳಿದೆ. ಮೊದಲ ಅಂಗಡಿಯ ಮೆಟ್ಟಿಲು ಹತ್ತುವ ಮೊದಲು ಅದರ ಮುಂದೆ ಎರಡು ಸಲ ಹಾದುಹೋದೆ. "ನನ್ನ ಯಜಮಾನರಿಗೆ ಒಂದು ಕೆಲಸ ಬೇಕಿತ್ತು" ಎನ್ನುವ ಆ ಒಂದು ವಾಕ್ಯ ಹೇಳಿದ ಮೇಲೆಯೇ, ಇಷ್ಟು ವರ್ಷ ನನ್ನ ಮೇಜಿನ ಎದುರು ನಿಂತು ಅದನ್ನು ಹೇಳಿದವರಿಗೆ ಹೇಗಾಗಿರಬೇಕು ಎಂದು ತಿಳಿದದ್ದು. ಹದಿನಾರು ಅಂಗಡಿ ಹತ್ತಿದೆ. ಎಲ್ಲಿಯೂ ಆಗಲಿಲ್ಲ. ಆ ವಾರವೇ, ಕಡಬದ ಕೆಲಸ ಹೇಗೆ ತಪ್ಪಿತು ಎಂದು ಮೋಹನರಿಗೂ ಹೇಳಿದೆ. ಅವರು ಎದ್ದು ಹೋದರು. ನಾಲ್ಕು ದಿನ ನನ್ನ ಹತ್ತಿರ ಮಾತಾಡಲಿಲ್ಲ. ಐದನೆಯ ದಿನ, "ಸಾಂಬಾರಿಗೆ ಉಪ್ಪು ಕಡಿಮೆ" ಎಂದರು.

ಐದು ವಾರದಲ್ಲಿ ಕೆಲಸ ಸಿಕ್ಕಿತು, ಕಾಣಿಯೂರಿನಲ್ಲಿ, ಪಂಪು ರಿಪೇರಿ ಮಾಡುವ ಒಂದು ವರ್ಕ್‌ಶಾಪಿನಲ್ಲಿ. ನಾನು ಹತ್ತಿದ ಅಂಗಡಿಗಳಿಂದಲ್ಲ, ಹೇಮಾವತಿ ಕೊಟ್ಟ ಸುದ್ದಿಯಿಂದಲೇ. ತಿಂಗಳ ಸಭೆಯಲ್ಲಿ ರಾಯರು ಕಡಬದ ಪಟ್ಟಿ ಎತ್ತಿಕೊಂಡು, "ಮೋಹನ, ನರಿಮೊಗರು" ಎಂದು ಗಟ್ಟಿಯಾಗಿ ಓದಿ ಗೆರೆ ಎಳೆದರು. ಪುತ್ತೂರಿನ ರಿಜಿಸ್ಟರಿನಲ್ಲೂ ಅದೇ ಹೆಸರಿತ್ತು. ಅದನ್ನು ನಾನೇ ಹೊಡೆದುಹಾಕಿದೆ.

ನಂತರದ ಆರು ವರ್ಷ ನಾನು ಹೇಮಾವತಿಯ ಪ್ರಶ್ನೆಗಳನ್ನೇ ಕೇಳಿ ಕೆಲಸ ಮಾಡಿದೆ. ವಾಟ್ಸ್ಆ್ಯಪ್‌ಗೆ ಹಾಕುವುದು ಕಡಿಮೆ ಮಾಡಿ ಸ್ವತಃ ಫೋನ್ ಮಾಡಿದೆ. ಈಶ್ವರಮಂಗಲದಿಂದ ಬಂದವರಿಗೆ ಗಡಿಯಾಚೆ ಕಾಸರಗೋಡು ಕಡೆ ಯಾವ ಬಸ್ಸು ಹೋಗುತ್ತದೆ ಎಂದು ವಿಚಾರಿಸಿದೆ. ನನ್ನ ಪಟ್ಟಿ ಉದ್ದವಾಯಿತು. ಅವಳದಕ್ಕಿಂತ ಉದ್ದ ಒಮ್ಮೆಯೂ ಆಗಲಿಲ್ಲ. ಹೊಟ್ಟೆಕಿಚ್ಚು ಹೋಯಿತೇ ಎಂದರೆ, ಇಲ್ಲ ಹುಡುಗಿಯರೇ. ಅದನ್ನು ಕಾಗದದ ಮೇಲೆ ಬರೆದು ಕಳಿಸುವುದನ್ನು ಬಿಟ್ಟೆ, ಅಷ್ಟೇ.

ಮೋಹನ ಕೆಲಸಕ್ಕೆ ಸೇರಿದ ಮೊದಲ ದಿನ ನನಗೆ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ನಾನು ರಜೆ ಹಾಕಿ ಮನೆಯಲ್ಲೇ ಇದ್ದೆ. ನೀರುದೋಸೆಗೆ ಅಕ್ಕಿ ಅರೆದಿಟ್ಟು, ಬಸ್ಸಿನ ಶಬ್ದ ಕೇಳಿದಾಗಲೆಲ್ಲ ರಸ್ತೆ ನೋಡುತ್ತಿದ್ದೆ. ಆರು ಗಂಟೆಗೆ ಬಂದರು. ಅಂಗಿಯ ತೋಳಿನಲ್ಲಿ ಗ್ರೀಸಿನ ಕಲೆ, ಮುಖದಲ್ಲಿ ಎಷ್ಟೋ ಕಾಲದಿಂದ ನಾನು ನೋಡದಿದ್ದ ನಗು. "ಬನ್ನಿ, ಕಾಫಿ ಮಾಡ್ತೇನೆ, ಹೇಗಾಯ್ತು ಹೇಳಿ" ಎಂದು ನಾನು ಒಳಗೆ ಹೋದೆ. ಹಾಲು ಕಾಯಲಿಟ್ಟು ತಿರುಗುವಷ್ಟರಲ್ಲಿ ಜಗಲಿಯಿಂದ ಅವರ ದನಿ ಕೇಳಿತು, ಫೋನಿನಲ್ಲಿ.

"ಹೇಮಾ, ಬಂದೆ ಈಗಷ್ಟೆ. ಕೇಳು, ಒಬ್ಬರು ಹಳೇ ಪಂಪು ತಂದಿದ್ರು. ಇನ್ನು ಆಗುದಿಲ್ಲ ಅಂತ ಅಲ್ಲಿಯವರೆಲ್ಲ ಕೈಬಿಟ್ಟದ್ದು. ನಾನು ಬಿಚ್ಚಿ..."

ಅವರು ಹೇಳುತ್ತಾ ಹೋದರು, ಇಡೀ ದಿನದ ಕಥೆ. ಹಾಲು ಉಕ್ಕಿ ಒಲೆಯ ಮೇಲೆ ಚೆಲ್ಲುವವರೆಗೂ ನಾನು ಬಾಗಿಲ ಹಿಂದೆ ನಿಂತು ಕೇಳಿದೆ, ನನಗೆ ಹೇಳದ ಆ ಮೊದಲ ಮಾತನ್ನು.